ನರ್ಸ್‌ಗೆ 150 ಗಂಟೆ, ಡಾಕ್ಟರ್‌ಗೆ 30: ಕಲಿಕೆಯ ಲೆಕ್ಕ ಎಲ್ಲಿ ತಪ್ಪಿತು?

ಸಂಡೂರು ತಾಲ್ಲೂಕಿನ ಯಶವಂತನಗರದಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಹತ್ತೊಂಬತ್ತು ವರ್ಷದಿಂದ ಸ್ಟಾಫ್ ನರ್ಸ್, ಅದರಲ್ಲಿ ಹೆಚ್ಚಿನ ಕಾಲ ಕಳೆದಿದ್ದು ಹೆರಿಗೆ ವಾರ್ಡಿನಲ್ಲಿ. ಕಳೆದ ಸಲ ಊರಿಗೆ ಹೋದಾಗ ಫೋನ್ ನನ್ನ ಮುಂದೆ ಹಿಡಿದು, "ಇದು ಖರೇ ಐತೇನೋ, ಸುಳ್ಳೋ, ನೋಡಿ ಹೇಳು" ಅಂದರು.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದಿದ್ದ ಪೋಸ್ಟರ್. ನರ್ಸ್‌ಗಳಿಗೆ ಆನ್‌ಲೈನ್ ಕಾರ್ಯಾಗಾರ, ಶುಲ್ಕ 500 ರೂಪಾಯಿ, ಇಷ್ಟು ಕ್ರೆಡಿಟ್ ಗಂಟೆ, ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ 'ಸರ್ಟಿಫಿಕೇಟ್ ಖಚಿತ'. ಯಾವ ವಿಷಯ, ಯಾರು ಪಾಠ ಮಾಡ್ತಾರೆ ಅನ್ನೋದು ಮಾತ್ರ ಹುಡುಕಿದರೂ ಸಿಗಲಿಲ್ಲ. "ಏನ್ ಕಲಿಸ್ತಾರಂತೆ ಚಿಕ್ಕಮ್ಮ?" ಅಂತ ಕೇಳಿದೆ. "ಕಲಿಸೋದು ಇರ್ಲಿ ಬಿಡಪ್ಪ, ರಿನಿವಲ್‌ಗೆ ನಡೀತದೋ ಇಲ್ಲೋ ಅಷ್ಟ ಹೇಳು" ಅಂದರು.

ನಡೆಯುತ್ತೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಂತೆ ಈ ಬರಹ ಬೆಳೆಯಿತು.

ಮೊದಲು ನಿಯಮ ಏನು ಹೇಳುತ್ತೆ ನೋಡೋಣ. ಡಾಕ್ಟರ್, ನರ್ಸ್, ಫಾರ್ಮಸಿಸ್ಟ್ ಯಾರೇ ಆಗಲಿ, ಒಮ್ಮೆ ಪದವಿ ಪಡೆದು ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡರೆ ಜೀವನಪೂರ್ತಿ ಸಾಕು ಎನ್ನುವ ಕಾಲ ಮುಗಿದಿದೆ. ಐದು ವರ್ಷಕ್ಕೊಮ್ಮೆ ನವೀಕರಣ, ನವೀಕರಣಕ್ಕೆ ಇಷ್ಟು ಹೊಸ ಕಲಿಕೆ ಆಗಿದೆ ಎನ್ನುವ ಪುರಾವೆ. ವೈದ್ಯರಿಗೆ ಐದು ವರ್ಷಕ್ಕೆ 30 ಗಂಟೆ. ಇದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡವಳಿಕೆ ನಿಯಮಾವಳಿಯಲ್ಲೇ ಇತ್ತು. ನಮ್ಮ ಕರ್ನಾಟಕ ವೈದ್ಯಕೀಯ ಪರಿಷತ್ತು ಕೂಡ ನವೀಕರಣಕ್ಕೆ 30 ಕ್ರೆಡಿಟ್ ಗಂಟೆ ಕೇಳುತ್ತೆ. ನರ್ಸ್‌ಗಳಿಗೆ ಭಾರತೀಯ ನರ್ಸಿಂಗ್ ಪರಿಷತ್ತು ಹಾಕಿರೋ ಲೆಕ್ಕ ಐದು ವರ್ಷಕ್ಕೆ 150 ಗಂಟೆ. ಫಾರ್ಮಸಿಸ್ಟ್‌ಗಳಿಗೆ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಪ್ರಕಾರ ಐದು ವರ್ಷದಲ್ಲಿ ಒಂದೊಂದು ದಿನದ ಎರಡು ಪುನಶ್ಚೇತನ ತರಬೇತಿ. ಜಾರಿ ಮಾತ್ರ ರಾಜ್ಯದಿಂದ ರಾಜ್ಯಕ್ಕೆ, ಪರಿಷತ್ತಿನಿಂದ ಪರಿಷತ್ತಿಗೆ ಒಂದೇ ಥರ ಇಲ್ಲ.

ನಾನು ಇಂಜಿನಿಯರಿಂಗ್ ಓದಿದವನು, ಕೂಡಿಸಿ ಭಾಗಿಸದೆ ಬಿಡೋಕಾಗಲ್ಲ. ಡಾಕ್ಟರ್‌ಗೆ ತಿಂಗಳಿಗೆ ಅರ್ಧ ಗಂಟೆ. ನರ್ಸ್‌ಗೆ ತಿಂಗಳಿಗೆ ಎರಡೂವರೆ ಗಂಟೆ. ಔಷಧ ಅಂಗಡಿಯಲ್ಲಿ ಕೂತು ಇಡೀ ಊರಿಗೆ ಮಾತ್ರೆ ಕೊಡೋ ಫಾರ್ಮಸಿಸ್ಟ್‌ಗೆ ಐದು ವರ್ಷದಲ್ಲಿ ಎರಡೇ ದಿನ. ನರ್ಸ್ ಹೆಚ್ಚು ಕಲಿಯಬೇಕು ಅಂತ ಯಾರೋ ಯೋಚಿಸಿ ಬರೆದಿದ್ದರೆ ಸಂತೋಷವೇ. ಆದರೆ ಬೇರೆ ಬೇರೆ ಪರಿಷತ್ತು, ಬೇರೆ ಬೇರೆ ಕಾಯ್ದೆ, ಒಬ್ಬರ ಲೆಕ್ಕ ಇನ್ನೊಬ್ಬರು ನೋಡಿಲ್ಲ ಅನ್ನೋದೇ ಹೆಚ್ಚು ಕಾಣುತ್ತೆ. ಒಂದೇ ಹೆರಿಗೆ ಟೇಬಲ್ ಸುತ್ತ ನಿಲ್ಲೋ ಮೂರು ಜನಕ್ಕೆ ಮೂರು ಥರದ ಗಡಿಯಾರ.

ಇಷ್ಟಕ್ಕೂ ಈ ನಿಯಮವೇ ಬೇಡ ಅಂತ ವಾದಿಸೋರ ಗುಂಪಿಗೆ ನಾನು ಸೇರಿದವನಲ್ಲ. ಕಳೆದ ಕೆಲವೇ ವರ್ಷಗಳಲ್ಲಿ ಏನೇನು ಬದಲಾಗಿದೆ ನೋಡಿ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಮಾಡಿತು. ಅಂದರೆ ಹಾವು ಕಡಿದ ಪ್ರತಿ ಪ್ರಕರಣ, ಪ್ರತಿ ಸಾವನ್ನು ಸರ್ಕಾರಿ ಆಸ್ಪತ್ರೆಯೂ ಖಾಸಗಿ ಆಸ್ಪತ್ರೆಯೂ ವರದಿ ಮಾಡಬೇಕು. ಕಂಪ್ಲಿ ಕಡೆ ಭತ್ತದ ಗದ್ದೆಗಳಿರೋ ಊರಿನಲ್ಲಿ ಕ್ಲಿನಿಕ್ ನಡೆಸೋ ಡಾಕ್ಟರಿಗೆ ಇದು ದಿನನಿತ್ಯದ ವಿಷಯ. ಇಪ್ಪತ್ತು ವರ್ಷದ ಹಿಂದೆ ಕಾಲೇಜು ಬಿಟ್ಟವರಿಗೆ ಇದನ್ನು ಯಾರಾದರೂ ಹೇಳಬೇಕಲ್ಲ? ಹೇಳೋಕೆ ಒಂದು ವ್ಯವಸ್ಥೆ ಬೇಕು, ಆ ವ್ಯವಸ್ಥೆಗೆ ಬಾರದೆ ತಪ್ಪಿಸಿಕೊಳ್ಳೋರಿಗೆ ಒಂದು ಕಟ್ಟಳೆಯೂ ಬೇಕು. ನಮ್ಮ ಇಂಜಿನಿಯರ್‌ಗಳ ಕಥೆ ಬಿಡಿ, ಈ ದೇಶದಲ್ಲಿ ಸೇತುವೆ ಬಿದ್ದರೂ ಕಟ್ಟಿದವನ ಲೈಸೆನ್ಸ್ ಕಿತ್ತುಕೊಳ್ಳೋ ಪರಿಷತ್ತು ಇಲ್ಲ. ಲೈಸೆನ್ಸೇ ಇಲ್ಲ. ಆ ದೃಷ್ಟಿಯಿಂದ ಆರೋಗ್ಯ ಕ್ಷೇತ್ರ ನಮಗಿಂತ ಎಷ್ಟೋ ಮುಂದಿದೆ.

ಪ್ರಶ್ನೆ ಇರೋದು ಆ ಗಂಟೆಗಳು ಎಲ್ಲಿ ಕಳೆಯುತ್ತವೆ, ಯಾರ ಖರ್ಚಿನಲ್ಲಿ ಕಳೆಯುತ್ತವೆ, ಕಳೆದ ಮೇಲೆ ವಾರ್ಡಿನಲ್ಲಿ ಏನಾದರೂ ಬದಲಾಗುತ್ತಾ ಎನ್ನುವಲ್ಲಿ.

ವೈದ್ಯರ ಕ್ರೆಡಿಟ್ ಗಂಟೆಗಳ ದೊಡ್ಡ ಪಾಲು ಬರೋದು ಸಮ್ಮೇಳನ, ಸಿಎಂಇಗಳಿಂದ. ಅವು ನಡೆಯೋದು ದೊಡ್ಡ ಊರಿನ ಹೋಟೆಲ್ ಹಾಲ್, ಮೆಡಿಕಲ್ ಕಾಲೇಜಿನ ಸಭಾಂಗಣಗಳಲ್ಲಿ. ಹೊರಗೆ ಔಷಧ ಕಂಪನಿಗಳ ಸ್ಟಾಲ್, ಕೈಗೆ ಬ್ಯಾಗು ಪೆನ್ನು, ಮಧ್ಯಾಹ್ನ ಭರ್ಜರಿ ಊಟ. ಇದನ್ನು ನಿಲ್ಲಿಸೋ ಪ್ರಯತ್ನ ಆಗಿದೆ. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ವೃತ್ತಿ ನಡವಳಿಕೆ ನಿಯಮಾವಳಿ ಹೊರಡಿಸಿತು. ಔಷಧ ಕಂಪನಿಗಳ ನೇರ ಅಥವಾ ಪರೋಕ್ಷ ಪ್ರಾಯೋಜಕತ್ವ ಇರೋ ಕಾರ್ಯಾಗಾರ, ಸಮ್ಮೇಳನದಲ್ಲಿ ವೈದ್ಯರು ಭಾಗವಹಿಸಬಾರದು ಅನ್ನೋದು ಅದರಲ್ಲಿದ್ದ ಒಂದು ನಿಯಮ. ಮೂರೇ ವಾರ. ಆಗಸ್ಟ್ 23ಕ್ಕೆ ಇಡೀ ನಿಯಮಾವಳಿಯನ್ನೇ ತಡೆಹಿಡಿಯಲಾಯಿತು. ವೈದ್ಯರ ಸಂಘ ವಿರೋಧಿಸಿತು, ಔಷಧ ಕಂಪನಿಗಳ ಒಕ್ಕೂಟವೂ ವಿರೋಧಿಸಿತು. ಜೆನೆರಿಕ್ ಔಷಧ ಬರೆಯಬೇಕು ಅನ್ನೋ ನಿಯಮದ ಗಲಾಟೆಯಲ್ಲಿ ಪ್ರಾಯೋಜಕತ್ವದ ವಿಷಯ ಬಹಳ ಜನಕ್ಕೆ ಗೊತ್ತೇ ಆಗಲಿಲ್ಲ.

ಆಮೇಲೆ 2024ರ ಮಾರ್ಚ್‌ನಲ್ಲಿ ಕೇಂದ್ರದ ಔಷಧ ಇಲಾಖೆ ಮಾರಾಟ ನೀತಿಸಂಹಿತೆ ತಂದಿತು. ವಿದೇಶದಲ್ಲಿ ಸಮ್ಮೇಳನ ಮಾಡೋ ಹಾಗಿಲ್ಲ, ಖರ್ಚಿನ ವಿವರ ಬಹಿರಂಗ ಇರಬೇಕು, ಉಳಿದಂತೆ ಕಂಪನಿಗಳು ಸಿಎಂಇಗೆ ನೆರವು ಕೊಡಬಹುದು. 2022ರ ಫೆಬ್ರುವರಿಯಲ್ಲಿ ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವೈದ್ಯರಿಗೆ ಕೊಟ್ಟ ಉಡುಗೊರೆಗಳನ್ನು ವ್ಯಾಪಾರದ ಖರ್ಚು ಅಂತ ತೋರಿಸಿ ತೆರಿಗೆ ವಿನಾಯಿತಿ ಪಡೆಯೋ ಹಾಗಿಲ್ಲ ಎಂದಿತ್ತು. ಅಂದರೆ ಸಮಸ್ಯೆ ಇದೆ ಅಂತ ಎಲ್ಲರೂ ಒಪ್ಪಿದ್ದಾರೆ. ಬಾಗಿಲನ್ನು ಪೂರ್ತಿ ಮುಚ್ಚೋಕೆ ಮಾತ್ರ ಯಾರೂ ತಯಾರಿಲ್ಲ. ಯಾಕೆಂದರೆ ಮುಚ್ಚಿದರೆ ಸಭಾಂಗಣದ ಬಾಡಿಗೆ ಯಾರು ಕಟ್ಟಬೇಕು ಎನ್ನುವ ಪ್ರಶ್ನೆಗೆ ಸರ್ಕಾರದ ಹತ್ತಿರ ಉತ್ತರ ಇಲ್ಲ.

ನರ್ಸ್‌ಗಳ ಸಮಸ್ಯೆ ಇದಕ್ಕೆ ತದ್ವಿರುದ್ಧ. ಅವರು ಔಷಧ ಬರೆಯಲ್ಲ, ಹಾಗಾಗಿ ಅವರ ಹಿಂದೆ ಯಾವ ಕಂಪನಿಯೂ ಬರಲ್ಲ. ಐದು ಪಟ್ಟು ಹೆಚ್ಚು ಗಂಟೆ ಕಲಿಯಬೇಕಾದವರಿಗೆ ಪ್ರಾಯೋಜಕರೂ ಇಲ್ಲ, ರಜೆಯೂ ಇಲ್ಲ, ಕೈಯಲ್ಲಿ ದುಡ್ಡೂ ಇಲ್ಲ. ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ 2016ರಲ್ಲಿ ಕೇಂದ್ರ ರಚಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಬಾರದು ಅಂತ ಹೇಳಿತ್ತು. ಸಣ್ಣ ಊರಿನ ನರ್ಸಿಂಗ್ ಹೋಮ್‌ಗಳಲ್ಲಿ ಕೆಲಸ ಮಾಡೋ ಹುಡುಗಿಯರನ್ನು ಕೇಳಿ ನೋಡಿ, ಆ ಶಿಫಾರಸಿನ ಗತಿ ಏನಾಗಿದೆ ಅಂತ ಅವರೇ ಹೇಳ್ತಾರೆ. ಅಂಥವರು ಯಶವಂತನಗರದಿಂದ ಸಂಡೂರಿಗೆ ಬಂದು, ತೋರಣಗಲ್ಲು ದಾಟಿ, ಅದಿರು ಲಾರಿಗಳ ಹಿಂದೆ ಧೂಳು ಕುಡಿಯುತ್ತಾ ಬಳ್ಳಾರಿ ಸೇರಿ, ಒಂದು ದಿನದ ತರಬೇತಿ ಮುಗಿಸಿ, ಮತ್ತೆ ರಾತ್ರಿ ಪಾಳಿಗೆ ವಾಪಸ್ ಬರಬೇಕು. ಆ ದಿನದ ಸಂಬಳ ಹೋಗುತ್ತೆ. ಇದರ ಮುಂದೆ 500 ರೂಪಾಯಿಯ 'ಸರ್ಟಿಫಿಕೇಟ್ ಖಚಿತ' ಪೋಸ್ಟರ್ ಅಗ್ಗ ಅನ್ನಿಸಿದರೆ ಅವರನ್ನು ಬೈಯೋಕೆ ನನಗೆ ಬಾಯಿ ಬರಲ್ಲ.

ಹೋಗಲಿ, ಹಾಲ್‌ಗೆ ಹೋಗಿ ಕೂತವರಾದರೂ ಕಲಿತು ಬರ್ತಾರಾ? ಇದನ್ನು ಅಳೆದವರಿದ್ದಾರೆ. ಕಾಕ್ರೇನ್ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ 81 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಉಪನ್ಯಾಸ, ಕಾರ್ಯಾಗಾರಗಳಿಂದ ವೃತ್ತಿಪರರ ಕೆಲಸದ ರೀತಿಯಲ್ಲಿ ಕಂಡುಬಂದ ಸುಧಾರಣೆ ಮಧ್ಯಮ ಲೆಕ್ಕದಲ್ಲಿ ಶೇ. 6ರಷ್ಟು. ಸೊನ್ನೆ ಅಲ್ಲ. ಆದರೆ ಇಡೀ ನವೀಕರಣ ವ್ಯವಸ್ಥೆಯನ್ನು ಅದರ ಮೇಲೆ ನಿಲ್ಲಿಸುವಷ್ಟು ದೊಡ್ಡದೂ ಅಲ್ಲ. ನಾನು ಓದಿದ ವಿಟಿಯುನಲ್ಲಿ ಶೇ. 85 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸ್ತಿರಲಿಲ್ಲ. ನಾವೆಲ್ಲ ಹಾಜರಿದ್ದೆವು. ಕೊನೇ ಬೆಂಚಿನಲ್ಲಿ ಏನು ನಡೀತಿತ್ತು ಅನ್ನೋದು ಬೇರೆ ಮಾತು, ಒಬ್ಬನೇ ನಾಲ್ಕು ಜನರ ಧ್ವನಿಯಲ್ಲಿ 'ಯೆಸ್ ಸರ್' ಅಂದಿದ್ದೂ ಉಂಟು.

ಈಗ ಇನ್ನೊಂದು ಪ್ರಯೋಗ ನೋಡಿ. ಹೆರಿಗೆಯಾದ ಮೇಲೆ ವಿಪರೀತ ರಕ್ತಸ್ರಾವ ತಾಯಂದಿರ ಸಾವಿಗೆ ದೊಡ್ಡ ಕಾರಣ. 2023ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 'ಇ-ಮೋಟಿವ್' ಎಂಬ ಅಧ್ಯಯನ ಬಂತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ ದೇಶಗಳ 80 ಆಸ್ಪತ್ರೆ, ಎರಡು ಲಕ್ಷಕ್ಕೂ ಹೆಚ್ಚು ಸಹಜ ಹೆರಿಗೆ. ಅವರು ಮಾಡಿದ್ದು ರಾಕೆಟ್ ವಿಜ್ಞಾನ ಏನಲ್ಲ. ಹೆರಿಗೆಯಾದ ತಾಯಿಯ ಕೆಳಗೆ ಅಳತೆ ಗೆರೆ ಇರೋ ಪ್ಲಾಸ್ಟಿಕ್ ಹಾಳೆ ಹಾಕಿದರು, ರಕ್ತ ಎಷ್ಟು ಹೋಗಿದೆ ಅಂತ ಕಣ್ಣಂದಾಜು ಮಾಡೋ ಬದಲು ಗೆರೆ ನೋಡಿ ಹೇಳೋದಕ್ಕೆ. ಮಿತಿ ದಾಟಿದ ಕೂಡಲೇ ಗರ್ಭಕೋಶ ಉಜ್ಜೋದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಪರೀಕ್ಷೆ, ಎಲ್ಲವನ್ನೂ ಒಂದಾದ ಮೇಲೊಂದು ಕಾಯದೆ ಒಟ್ಟಿಗೆ ಶುರು ಮಾಡೋದು. ಸಾಮಾನು ಹುಡುಕೋಕೆ ಓಡಬಾರದು ಅಂತ ಒಂದು ಟ್ರಾಲಿ. ಇದನ್ನು ಕಲಿಸಿದ್ದು ಹೋಟೆಲಿನಲ್ಲಲ್ಲ, ಅದೇ ಹೆರಿಗೆ ವಾರ್ಡಿನಲ್ಲಿ, ಅದೇ ತಂಡಕ್ಕೆ, ಅಣಕು ಪ್ರಸಂಗ ಮಾಡಿ. ಪ್ರತಿ ಆಸ್ಪತ್ರೆಗೂ ಅವರದೇ ಅಂಕಿಅಂಶ ವಾಪಸ್ ತೋರಿಸಿದರು.

ಫಲಿತಾಂಶ: ಹಳೇ ಪದ್ಧತಿಯ ಆಸ್ಪತ್ರೆಗಳಲ್ಲಿ ರಕ್ತಸ್ರಾವದ ಪ್ರಕರಣಗಳಲ್ಲಿ ಪತ್ತೆಯಾಗ್ತಿದ್ದಿದ್ದು ಅರ್ಧದಷ್ಟು, ಶೇ. 51. ಹೊಸ ಪದ್ಧತಿಯಲ್ಲಿ ಶೇ. 93. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ, ಅದರಿಂದಾಗೋ ಸಾವು, ಈ ಮೂರನ್ನೂ ಸೇರಿಸಿದರೆ ಶೇ. 4.3 ಇದ್ದದ್ದು ಶೇ. 1.6ಕ್ಕೆ ಇಳಿಯಿತು. ಅಂದರೆ ಶೇ. 60ರಷ್ಟು ಕಡಿಮೆ. ಉಪನ್ಯಾಸದ ಶೇ. 6ಕ್ಕೂ ಇದಕ್ಕೂ ನೇರ ಹೋಲಿಕೆ ತಪ್ಪಾಗುತ್ತೆ. ಇಲ್ಲಿ ಪಾಠದ ಜೊತೆಗೆ ಹಾಳೆ, ಔಷಧ, ಟ್ರಾಲಿ ಎಲ್ಲ ಇತ್ತು. ಆದರೆ ನನ್ನ ವಾದವೂ ಅದೇ. ಪಾಠ ಆ ಸಾಮಾನುಗಳ ಪಕ್ಕದಲ್ಲೇ ನಡೆದಾಗ ಮಾತ್ರ ಕೈಗೆ ಹತ್ತುತ್ತೆ.

ಚಿಕ್ಕಮ್ಮನಿಗೆ ಇದನ್ನು ವಿವರಿಸಿದೆ. "ನಾವು ಬಟ್ಟಿ ನೋಡಿ ಅಂದಾಜು ಹೇಳ್ತೇವಿ. ಎಷ್ಟೋ ಸಲ ನಾ ಹೆಚ್ಚಂತೀನಿ, ಡಾಕ್ಟ್ರು ಕಡಿಮಿ ಅಂತಾರ. ಗೆರಿ ಇದ್ರ ಯಾರೂ ವಾದ ಮಾಡಂಗಿಲ್ಲ ನೋಡು" ಅಂದರು. ಹತ್ತೊಂಬತ್ತು ವರ್ಷದ ಅನುಭವದಲ್ಲಿ ಅವರಿಗೆ ತಕ್ಷಣ ಹೊಳೆದದ್ದು ಗೆರೆಯ ವೈದ್ಯಕೀಯ ಲಾಭ ಅಲ್ಲ, ವಾರ್ಡಿನೊಳಗೆ ನರ್ಸ್ ಮಾತಿಗೆ ಸಿಗೋ ತೂಕ. ಯಾವ ಕಾರ್ಯಾಗಾರದ ಸ್ಲೈಡ್‌ನಲ್ಲೂ ಇದು ಇರಲಿಕ್ಕಿಲ್ಲ.

ಬಳ್ಳಾರಿ ಜಿಲ್ಲೆಯಲ್ಲಿ ಹೆರಿಗೆ ವಾರ್ಡಿನ ಮಾತು ಬಂದರೆ 2024ರ ನವೆಂಬರ್ ನೆನಪಾಗದೇ ಇರಲ್ಲ. ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸ್ವಸ್ಥರಾದರು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡಿದ್ದರು. ಅನುಮಾನ ಹೋಗಿದ್ದು ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ್ದ ರಿಂಗರ್ಸ್ ಲ್ಯಾಕ್ಟೇಟ್ ಡ್ರಿಪ್ ಮೇಲೆ. ಅದೇ ಕಂಪನಿಯ ದ್ರಾವಣದ ಗುಣಮಟ್ಟದ ಬಗ್ಗೆ ರಾಜ್ಯದ ಲ್ಯಾಬ್ ಒಂದು ಹೇಳಿದರೆ ಕೇಂದ್ರದ ಲ್ಯಾಬ್ ಇನ್ನೊಂದು ಹೇಳಿತ್ತು ಅನ್ನೋದು ಆಮೇಲೆ ಹೊರಗೆ ಬಂತು. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು.

ಸ್ಪಷ್ಟವಾಗಿ ಹೇಳಿಬಿಡ್ತೀನಿ, ಆ ಸಾವುಗಳಿಗೆ ವಾರ್ಡಿನ ಸಿಬ್ಬಂದಿಗೆ ತರಬೇತಿ ಸಾಲದ್ದೇ ಕಾರಣ ಅಂತ ನಾನು ಹೇಳ್ತಿಲ್ಲ. ಕೊಟ್ಟ ಬಾಟಲಿಯೊಳಗೆ ಏನಿದೆ ಅಂತ ನರ್ಸ್ ನೋಡಿ ಹೇಳೋಕಾಗಲ್ಲ. ಆದರೆ ಒಂದು ಡ್ರಿಪ್ ಹಾಕಿದ ಮೇಲೆ ಇಬ್ಬರಿಗೆ ಒಂದೇ ಥರ ಏನೋ ಆದರೆ ಅದನ್ನು ಯಾರಿಗೆ ಹೇಳಬೇಕು? ಈ ದೇಶದಲ್ಲಿ ಅದಕ್ಕೊಂದು ವ್ಯವಸ್ಥೆ 2010ರಿಂದ ಇದೆ. ಔಷಧದ ಅಡ್ಡಪರಿಣಾಮಗಳ ಮೇಲೆ ಕಣ್ಣಿಡೋ ರಾಷ್ಟ್ರೀಯ ಕಾರ್ಯಕ್ರಮ, ಗಾಜಿಯಾಬಾದಿನ ಫಾರ್ಮಕೊಪಿಯಾ ಆಯೋಗದಲ್ಲಿ ಅದರ ಕೇಂದ್ರ, ಮೆಡಿಕಲ್ ಕಾಲೇಜುಗಳಲ್ಲಿ ಅದರ ಘಟಕಗಳು, 1800-180-3024 ಅನ್ನೋ ಉಚಿತ ಸಹಾಯವಾಣಿ. ಡಾಕ್ಟರೇ ಹೇಳಬೇಕು ಅಂತಿಲ್ಲ. ನರ್ಸ್ ಹೇಳಬಹುದು, ಫಾರ್ಮಸಿಸ್ಟ್ ಹೇಳಬಹುದು, ರೋಗಿಯ ಕಡೆಯವರೂ ಹೇಳಬಹುದು. ಔಷಧದಿಂದಲೇ ಆಯಿತು ಅಂತ ಸಾಬೀತು ಮಾಡಬೇಕಿಲ್ಲ, ಅನುಮಾನ ಸಾಕು.

ಈ ನಂಬರ್ ಗೊತ್ತಾ ಅಂತ ಚಿಕ್ಕಮ್ಮನನ್ನು ಕೇಳಿದೆ. ಗೊತ್ತಿರಲಿಲ್ಲ. ಅವರಿಗೆ ಇದುವರೆಗೆ ಸಿಕ್ಕಿರೋ ಸರ್ಟಿಫಿಕೇಟುಗಳು ಒಂದು ಫೈಲ್ ತುಂಬಾ ಇವೆ. ಅಷ್ಟು ಗಂಟೆಗಳಲ್ಲಿ ಐದು ನಿಮಿಷ ಈ ಒಂದು ವಿಷಯಕ್ಕೆ ಸಿಗಲಿಲ್ಲ. ಅವರ ವಾರ್ಡಿನ ಗೋಡೆಗೆ ಈ ನಂಬರ್ ಅಂಟಿಸೋದು ಯಾವ ಪರಿಷತ್ತಿನ ಲೆಕ್ಕದಲ್ಲೂ ಕ್ರೆಡಿಟ್ ಅಲ್ಲ.

ಬಳ್ಳಾರಿಯ ಸಾವುಗಳ ನಂತರ ರಾಜ್ಯ ಸರ್ಕಾರ ತಾಯಂದಿರ ಸಾವುಗಳ ಲೆಕ್ಕಪರಿಶೋಧನೆ ಮಾಡಿಸಿತು. 2025ರಲ್ಲಿ ಬಂದ ಆ ವರದಿ ಪ್ರಕಾರ ಹತ್ತರಲ್ಲಿ ಏಳು ಸಾವುಗಳನ್ನು ತಪ್ಪಿಸಬಹುದಿತ್ತು. ಇದಕ್ಕಿಂತ ದೊಡ್ಡ ಪಠ್ಯಪುಸ್ತಕ ಬೇಕಾ? ಹಾಗೆ ನೋಡಿದರೆ ಪ್ರತಿ ತಾಯಿ ಸಾವನ್ನೂ ಆಸ್ಪತ್ರೆ ಮಟ್ಟದಲ್ಲಿ, ಜಿಲ್ಲಾ ಮಟ್ಟದಲ್ಲಿ ಪರಿಶೀಲಿಸಬೇಕು ಎನ್ನುವ ನಿಯಮ ದೇಶದಲ್ಲಿ ಮೊದಲಿಂದ ಇದೆ, 2017ರಲ್ಲಿ ಮಾರ್ಗಸೂಚಿ ಮತ್ತಷ್ಟು ಬಿಗಿಯಾಯಿತು. ಯಾರನ್ನೂ ದೂರಬಾರದು, ಕಲಿಯೋದಷ್ಟೇ ಉದ್ದೇಶ ಅಂತಲೂ ಅದರಲ್ಲಿದೆ. ಆದರೆ ಸಭೆ ನಡೆಯೋ ರೀತಿ ಬಲ್ಲವರಿಗೆ ಗೊತ್ತು, ಅದು ವಿಚಾರಣೆ. ನೋಟಿಸ್ ಯಾರಿಗೆ ಅನ್ನೋದು ಕೊನೆಯ ಪ್ರಶ್ನೆ. ನರ್ಸ್ ಅಲ್ಲಿ ಸಾಕ್ಷಿ, ಇಲ್ಲವೇ ಆರೋಪಿ. ಅಂಥ ಕೋಣೆಯಲ್ಲಿ ಯಾರು ತಾನೇ ಬಾಯಿ ಬಿಟ್ಟು 'ನನಗೆ ಆ ಹೊತ್ತಲ್ಲಿ ತೋಚಲಿಲ್ಲ' ಅಂತಾರೆ?

ಪಕ್ಕದ ಕೇರಳ ಇದನ್ನು ಬೇರೆ ಥರ ಮಾಡಿತು. ಅಲ್ಲಿನ ಸ್ತ್ರೀರೋಗ ತಜ್ಞರ ಒಕ್ಕೂಟ ಸರ್ಕಾರದ ಜೊತೆ ಸೇರಿ 2004ರಲ್ಲಿ ತಾಯಂದಿರ ಸಾವಿನ ಗೋಪ್ಯ ಪರಿಶೀಲನೆ ಶುರು ಮಾಡಿತು. ರೋಗಿ, ಡಾಕ್ಟರ್, ಆಸ್ಪತ್ರೆ ಯಾವ ಹೆಸರೂ ಇಲ್ಲದ ಕೇಸ್ ಶೀಟ್. ಏನಾಯಿತು, ಎಲ್ಲಿ ತಡವಾಯಿತು, ಮುಂದೆ ಏನು ಮಾಡಬೇಕು ಅಷ್ಟೇ. ಅದರಿಂದ ಬಂದ ಪಾಠಗಳನ್ನು ವರದಿಯಾಗಿ ಅಚ್ಚು ಹಾಕಿದರು, ಅದರ ಮೇಲೆ ತುರ್ತು ಪ್ರಸೂತಿ ತರಬೇತಿಗಳನ್ನು ಕಟ್ಟಿದರು. 2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕೇರಳದಲ್ಲಿ 19 ತಾಯಂದಿರ ಸಾವು, ಕರ್ನಾಟಕದಲ್ಲಿ 69. ಈ ಅಂತರಕ್ಕೆ ಶಿಕ್ಷಣ, ರಸ್ತೆ, ಆಸ್ಪತ್ರೆಗಳ ಸಂಖ್ಯೆ ಹೀಗೆ ನೂರು ಕಾರಣ ಇವೆ, ಒಂದು ಪರಿಶೀಲನಾ ಪದ್ಧತಿಗೆ ಎಲ್ಲ ಶ್ರೇಯ ಕೊಡೋದು ಮೂರ್ಖತನ. ಆದರೂ ಅವರು ತಮ್ಮ ಊರಿನ ಸಾವಿನಿಂದಲೇ ಪಾಠ ಬರೆದರು ಅನ್ನೋದು ಗಮನಿಸಬೇಕಾದ ವಿಷಯ.

ನಮ್ಮ ಊರಿನ ಪಾಠ ಅಂದರೆ ಸಂಡೂರಿಗೆ ಇನ್ನೊಂದಿದೆ, ಧೂಳು. ಯಶವಂತನಗರದ ರೈಲು ನಿಲ್ದಾಣ ಬಹುಪಾಲು ಅದಿರಿನ ನಿಲ್ದಾಣ. ಗಣಿಯಲ್ಲಿ ಹತ್ತಿಪ್ಪತ್ತು ವರ್ಷ ದುಡಿದವರು ಕೆಮ್ಮಿಕೊಂಡು ಬಂದರೆ ಮೊದಲು ಹೊಳೆಯೋದು ಕ್ಷಯ. ಸಿಲಿಕೋಸಿಸ್ ಇರಬಹುದಾ, ಎರಡೂ ಸೇರಿರಬಹುದಾ ಅಂತ ಅನುಮಾನ ಪಡೋಕೆ, ಕೆಲಸದ ಇತಿಹಾಸ ಕೇಳೋಕೆ, ಎಕ್ಸ್‌ರೇ ಓದೋಕೆ ಕಲಿತಿರಬೇಕು. 1952ರ ಗಣಿ ಕಾಯ್ದೆ, ಗಣಿ ಕಾರ್ಮಿಕನಿಗೆ ಇಂಥ ಅಧಿಸೂಚಿತ ಕಾಯಿಲೆ ಇದೆ ಅನ್ನಿಸಿದರೆ ಚಿಕಿತ್ಸೆ ಕೊಟ್ಟ ವೈದ್ಯರು ಮುಖ್ಯ ಗಣಿ ನಿರೀಕ್ಷಕರಿಗೆ ವರದಿ ಮಾಡಲೇಬೇಕು ಅಂದಿತ್ತು. ಮಾಡದಿದ್ದರೆ ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ 50 ರೂಪಾಯಿ. ಸಂಡೂರಿನ ಡಾಕ್ಟರ್ ಬೆಂಗಳೂರಿಗೆ ಹೋಗಿ ಹೃದಯದ ಸ್ಟೆಂಟ್ ಬಗ್ಗೆ ಎರಡು ದಿನದ ಸಮ್ಮೇಳನ ಕೇಳಿ ಬಂದರೂ 30 ಗಂಟೆಯ ಲೆಕ್ಕಕ್ಕೆ ಸೇರುತ್ತೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕೂತು ಹತ್ತು ಗಣಿ ಕಾರ್ಮಿಕರ ಎಕ್ಸ್‌ರೇ ನೋಡಿ ನಾಲ್ಕು ಜನ ಚರ್ಚೆ ಮಾಡಿದರೆ, ಅದಕ್ಕೆ ಮೊದಲೇ ಪರಿಷತ್ತಿನ ಅನುಮತಿ ಇಲ್ಲದಿದ್ದರೆ, ಸೇರಲ್ಲ.

ಬೇರೆ ದಾರಿ ಇಲ್ವಾ? ಬ್ರಿಟನ್ನಿಗೆ ಹೋದ ನಮ್ಮ ಕನ್ನಡದ ನರ್ಸ್‌ಗಳನ್ನು ಕೇಳಿ. ಅಲ್ಲಿ 2016ರ ಏಪ್ರಿಲ್‌ನಿಂದ ಮೂರು ವರ್ಷಕ್ಕೊಮ್ಮೆ ಮರುಮಾನ್ಯತೆ. ಕಲಿಕೆ ಕೇವಲ 35 ಗಂಟೆ, ಅದರಲ್ಲಿ 20 ಗಂಟೆ ಇತರರ ಜೊತೆ ಸೇರಿ ಕಲಿತದ್ದಾಗಿರಬೇಕು. ಆದರೆ ಅದರ ಜೊತೆ 450 ಗಂಟೆ ನಿಜವಾಗಿ ಕೆಲಸ ಮಾಡಿದ ದಾಖಲೆ ಬೇಕು, ರೋಗಿಗಳಿಂದಲೋ ಸಹೋದ್ಯೋಗಿಗಳಿಂದಲೋ ಬಂದ ಐದು ಅಭಿಪ್ರಾಯ ಬೇಕು, ಕಲಿತದ್ದರಿಂದ ತನ್ನ ಕೆಲಸದಲ್ಲಿ ಏನು ಬದಲಾಯಿತು ಅಂತ ತಾನೇ ಬರೆದ ಐದು ಟಿಪ್ಪಣಿ ಬೇಕು, ಆ ಟಿಪ್ಪಣಿಗಳನ್ನು ಇನ್ನೊಬ್ಬ ನೋಂದಾಯಿತ ನರ್ಸ್ ಜೊತೆ ಕೂತು ಚರ್ಚಿಸಬೇಕು. ಅಲ್ಲೂ ಇದು ಬರೀ ಕಾಗದದ ಕೆಲಸ ಅಂತ ಗೊಣಗೋರು ಇದ್ದಾರೆ. ಆದರೂ 'ಏನು ಬದಲಾಯಿತು' ಅನ್ನೋ ಪ್ರಶ್ನೆಯನ್ನಾದರೂ ಅದು ಕೇಳುತ್ತೆ.

ಅಷ್ಟು ದೂರ ಹೋಗೋದೂ ಬೇಡ. ನಮ್ಮ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮಾನಸಿಕ ಆರೋಗ್ಯ ಕಲಿಸೋ ಒಂದು ವಿಧಾನ ರೂಪಿಸಿದೆ. ಬೆಂಗಳೂರಿನಲ್ಲಿ ಕೂತ ಮನೋವೈದ್ಯರು ವಿಡಿಯೊ ಮೂಲಕ ಹಳ್ಳಿ ಡಾಕ್ಟರ ಹೊರರೋಗಿ ವಿಭಾಗಕ್ಕೇ ಬರ್ತಾರೆ. ಅಲ್ಲಿಗೆ ಬಂದ ಮಾಮೂಲಿ ರೋಗಿಗಳನ್ನೇ ಇಬ್ಬರೂ ಸೇರಿ ನೋಡ್ತಾರೆ. ಡಾಕ್ಟರ್ ಕುರ್ಚಿ ಬಿಟ್ಟು ಏಳಬೇಕಿಲ್ಲ. ಮಾನಸಿಕ ಆರೋಗ್ಯಕ್ಕೆ ಆಗೋದಾದರೆ ಹೆರಿಗೆಗೆ, ಹಾವು ಕಡಿತಕ್ಕೆ, ಧೂಳಿನ ಕಾಯಿಲೆಗೆ ಯಾಕಾಗಲ್ಲ?

ದುಡ್ಡಿಲ್ಲ ಅನ್ನೋ ಉತ್ತರವನ್ನು ಬೇರೆ ಜಿಲ್ಲೆ ಕೊಟ್ಟರೆ ಒಪ್ಪಬಹುದು. ಬಳ್ಳಾರಿ ಕೊಟ್ಟರೆ ಒಪ್ಪೋದು ಕಷ್ಟ. 2015ರಲ್ಲಿ ಗಣಿ ಕಾನೂನಿಗೆ ತಿದ್ದುಪಡಿ ತಂದು ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿ ಮಾಡಿದರು. ಗಣಿ ಕಂಪನಿಗಳು ಕಟ್ಟೋ ಪಾಲು ಗಣಿಬಾಧಿತ ಜನರಿಗೇ ಖರ್ಚಾಗಬೇಕು. ಅದರಲ್ಲಿ ಕನಿಷ್ಠ ಶೇ. 60 ಹೆಚ್ಚಿನ ಆದ್ಯತೆಯ ವಲಯಗಳಿಗೆ ಅಂತ ಆಗಿನ ಮಾರ್ಗಸೂಚಿ, ಆ ಪಟ್ಟಿಯಲ್ಲಿ ಆರೋಗ್ಯ ಇದೆ. ಕಟ್ಟಡ ಕಟ್ಟಿದರೆ ಸಾಲದು, ಅದಕ್ಕೆ ಬೇಕಾದ ಸಿಬ್ಬಂದಿ, ಉಪಕರಣ, ಸಾಮಗ್ರಿಗೂ ಹಣ ಕೊಡಿ ಅಂತ ಬಿಡಿಸಿ ಬರೆದಿದೆ. ಈ ನಿಧಿಗೆ ರಾಜ್ಯದಲ್ಲೇ ಹೆಚ್ಚು ಹಣ ಸೇರೋ ಜಿಲ್ಲೆ ಬಳ್ಳಾರಿ. ಇದರ ಜೊತೆಗೆ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಸುಪ್ರೀಂ ಕೋರ್ಟ್ ಒಪ್ಪಿದ ಸುಮಾರು 25,000 ಕೋಟಿ ರೂಪಾಯಿಯ ಯೋಜನೆ ಬೇರೆ ಇದೆ.

ಈ ಹಣದಲ್ಲಿ ಕೇಳಬೇಕಾದದ್ದು ಏನು ದೊಡ್ಡದಲ್ಲ. ಸಂಡೂರು ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಕೋಣೆ, ಅಣಕು ಹೆರಿಗೆಗೆ ಒಂದು ಗೊಂಬೆ, ಗೆರೆ ಹಾಳೆ, ಟ್ರಾಲಿ, ಒಬ್ಬ ಪೂರ್ಣಾವಧಿ ತರಬೇತಿ ನರ್ಸ್. ತಿಂಗಳಿಗೆ ಎರಡು ಮಧ್ಯಾಹ್ನ ಸರ್ಕಾರಿ, ಖಾಸಗಿ ಭೇದ ಇಲ್ಲದೆ ಡಾಕ್ಟರ್, ನರ್ಸ್, ಫಾರ್ಮಸಿಸ್ಟ್, ಹಳ್ಳಿಗಳ ಆರೋಗ್ಯ ಸುರಕ್ಷಾಧಿಕಾರಿಗಳು ಒಟ್ಟಿಗೆ ಕೂರಬೇಕು. ಹಿಂದಿನ ತಿಂಗಳ ಒಂದು ಕೇಸ್, ಹೆಸರಿಲ್ಲದೆ. ಅದು ಕೆಲಸದ ಸಮಯ ಅಂತ ಲೆಕ್ಕ ಆಗಬೇಕು, ಬಂದ ನರ್ಸ್ ಬದಲಿಗೆ ವಾರ್ಡಿನಲ್ಲಿ ನಿಲ್ಲೋರ ಸಂಬಳ ನಿಧಿಯಿಂದ ಬರಬೇಕು. ಇದಿಲ್ಲದೆ ಉಳಿದಿದ್ದೆಲ್ಲ ಬರೀ ಮಾತು. ಮತ್ತೆ ಈ ಗಂಟೆಗಳಿಗೆ ಮೂರೂ ಪರಿಷತ್ತುಗಳು ಕ್ರೆಡಿಟ್ ಕೊಡಬೇಕು. ಮೂರು ಪರಿಷತ್ತು ಒಂದು ಕಾಗದಕ್ಕೆ ಸಹಿ ಹಾಕೋದೇ ಇದರಲ್ಲಿ ಅತಿ ಕಷ್ಟದ ಕೆಲಸ ಅಂತ ನನಗನ್ನಿಸುತ್ತೆ, ಗೊಂಬೆ ಕೊಳ್ಳೋದಲ್ಲ.

ಇದಕ್ಕೆ ಬರೋ ಆಕ್ಷೇಪವೂ ಗೊತ್ತು. ಊರಲ್ಲೇ ತರಬೇತಿ ಅಂದರೆ ಅಲ್ಲೂ ಪುಸ್ತಕಕ್ಕೆ ಸಹಿ ಹಾಕಿ ಚಹಾ ಕುಡಿದು ಹೋಗ್ತಾರೆ, ಹೋಟೆಲ್ ಬದಲು ತಾಲ್ಲೂಕು ಆಸ್ಪತ್ರೆ ಅಷ್ಟೇ ವ್ಯತ್ಯಾಸ. ಆಗಬಹುದು. ಆದರೆ ಅಲ್ಲಿ ಒಂದು ಅನುಕೂಲ ಇದೆ. ಆ ಆಸ್ಪತ್ರೆಯಲ್ಲಿ ಎಷ್ಟು ರಕ್ತಸ್ರಾವ ಸಮಯಕ್ಕೆ ಪತ್ತೆಯಾಯಿತು, ಎಷ್ಟು ಹಾವು ಕಡಿತ ವರದಿಯಾಯಿತು, ಎಷ್ಟು ಔಷಧ ಅಡ್ಡಪರಿಣಾಮದ ಫಾರ್ಮ್ ಹೋಯಿತು ಅಂತ ಆರು ತಿಂಗಳ ಆಮೇಲೆ ಎಣಿಸಬಹುದು. ಸೊನ್ನೆ ಇದ್ದರೆ ಚಹಾ ಕುಡಿದು ಹೋಗಿದ್ದಾರೆ ಅಂತ ಗೊತ್ತಾಗುತ್ತೆ. ಹೋಟೆಲ್ ಹಾಲಿನ ವಿಷಯದಲ್ಲಿ ಅದನ್ನು ಎಣಿಸೋ ದಾರಿಯೇ ಇಲ್ಲ.

ಚಿಕ್ಕಮ್ಮನ ನವೀಕರಣಕ್ಕೆ ಇನ್ನೂ ಸ್ವಲ್ಪ ತಿಂಗಳು ಸಮಯ ಇದೆ, ಗಂಟೆಗಳು ಕಮ್ಮಿ ಇವೆ. ಆ ಪೋಸ್ಟರಿನವರಿಗೆ ದುಡ್ಡು ಕಳಿಸಬೇಡಿ ಅಂದಿದ್ದೆ. ಮೊನ್ನೆ ಫೋನ್ ಮಾಡಿದ್ದರು. ಸಹಾಯವಾಣಿ ನಂಬರನ್ನು ಬಿಳಿ ಹಾಳೆ ಮೇಲೆ ಮಾರ್ಕರಿನಲ್ಲಿ ಬರೆದು ವಾರ್ಡಿನ ಡ್ರಗ್ ಟ್ರೇ ಮೇಲಿನ ಗೋಡೆಗೆ ಅಂಟಿಸಿದ್ದಾರಂತೆ. ಆಮೇಲೆ ಕೇಳಿದರು, "ನೀ ಹೇಳ್ದಂಗ ಕಳಿಸಿಲ್ಲಪ್ಪ. ಹಂಗಾದ್ರ ನಾ ಗಂಟಿ ಎಲ್ಲಿಂದ ತರ್ಲಿ?"